ಹಳೇ ಕಾರಿನ ಸೆಲ್ಫ್ ಎತ್ತುತ್ತಿಲ್ಲವೇ? ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಅರ್ಥ್ ವೈರ್ ನೋಡಿ

ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ. ಕಾರ್ಬುರೇಟರ್ ಗಾಡಿ, ಅಪ್ಪಯ್ಯ ತೆಗೆದುಕೊಂಡಿದ್ದು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ‘ಊಂ... ಊಂ...’ ಅಂತ ನರಳಿತು, ಇಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಪೇಟೆಯ ಅಂಗಡಿಯವರು ಫೋನಿನಲ್ಲೇ ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಅಂದರು. ಹಾಕಿಸಿದೆವು. ಎರಡು ದಿನ ಚೆನ್ನಾಗಿ ಎತ್ತಿತು. ಮೂರನೇ ದಿನ ಮತ್ತೆ ಅದೇ ನರಳಾಟ. ಕೊನೆಗೆ ಗೊತ್ತಾಗಿದ್ದು ಏನೆಂದರೆ, ತಪ್ಪು ಬ್ಯಾಟರಿಯದ್ದಲ್ಲ, ಬ್ಯಾಟರಿ ಮೈನಸ್‌ನಿಂದ ಇಂಜಿನ್‌ಗೆ ಹೋಗುವ ಒಂದು ಮೊಳ ಉದ್ದದ ಅರ್ಥ್ ವೈರ್‌ದು.

ಹಾಗಾಗಿ ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಸಾಮಾನು ಬದಲಿಸುತ್ತಾ ಹೋಗಬೇಡಿ, ಕರೆಂಟು ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ ಅಂತ ಮೊದಲು ಅಳೆಯಿರಿ. ಅದನ್ನು ಮನೆಯಂಗಳದಲ್ಲೇ, ಅರ್ಧ ಗಂಟೆಯಲ್ಲಿ ಮಾಡಬಹುದು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಸೆಟ್ ಸ್ಪ್ಯಾನರ್, ಎಮ್ರಿ ಪೇಪರ್, ಹಳೇ ಹಲ್ಲುಜ್ಜುವ ಬ್ರಷ್, ಅಡುಗೆ ಸೋಡಾ, ಸ್ವಲ್ಪ ವ್ಯಾಸಲೀನ್. ಜಂಪರ್ ಕೇಬಲ್ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಕೀ ತಿರುಗಿಸಲು ಇನ್ನೊಬ್ಬರು ಬೇಕೇ ಬೇಕು, ಏಕೆಂದರೆ ನಿಮ್ಮ ಎರಡೂ ಕೈ ಮೀಟರಿನ ಮೇಲೇ ಇರುತ್ತವೆ.

ಶುರು ಮಾಡುವ ಮೊದಲು ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಕೈಯಲ್ಲಿ ಉಂಗುರ, ಬಳೆ, ವಾಚು ಇದ್ದರೆ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಬ್ಯಾಟರಿ ಪ್ಲಸ್‌ಗೂ ಬಾಡಿಗೂ ಮಧ್ಯೆ ಉಂಗುರ ಸಿಕ್ಕಿಕೊಂಡರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಸುಟ್ಟುಹೋಗುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಬಿಚ್ಚಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಆದ್ದರಿಂದ ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ.

ಬಾನೆಟ್ ಎತ್ತುವ ಮೊದಲು ಕೀ ತಿರುಗಿಸಿ, ಕಿವಿಗೊಟ್ಟು ಕೇಳಿ. ಅರ್ಧ ಕಾಯಿಲೆ ಸದ್ದಿನಲ್ಲೇ ಗೊತ್ತಾಗುತ್ತದೆ. ‘ಟಕಟಕಟಕ’ ಅಂತ ಬೇಗ ಬೇಗ ಬಡಿದುಕೊಂಡರೆ ಸೊಲೆನಾಯ್ಡ್‌ಗೆ (ಸೆಲ್ಫ್ ಮೋಟಾರ್‌ಗೆ ಕರೆಂಟು ಬಿಡುವ ಕಾಂತದ ಸ್ವಿಚ್ಚಿಗೆ) ಸಾಕಷ್ಟು ವೋಲ್ಟೇಜ್ ಸಿಗುತ್ತಿಲ್ಲ ಅಂತ ಅರ್ಥ. ಸೊಲೆನಾಯ್ಡ್ ಎಳೆದುಕೊಳ್ಳುತ್ತದೆ, ಮೋಟಾರ್‌ಗೆ ಕರೆಂಟು ಹೋಗುತ್ತದೆ, ಅಷ್ಟರಲ್ಲಿ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಮೇಲೆ ಬರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ, ಇದೇ ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಮೌನವಾದರೆ ಸೊಲೆನಾಯ್ಡ್ ಕೆಲಸ ಮಾಡಿದೆ, ಆದರೆ ಅದರೊಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಮೋಟಾರಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್) ಸವೆದಿದೆ. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್, ಅದರ ವೈರ್, ಮೇನ್ ಫ್ಯೂಸ್ ಕಡೆ ನೋಡಬೇಕು. ‘ಗರ್ರ್’ ಅಂತ ಮೋಟಾರ್ ಮಾತ್ರ ಜೋರಾಗಿ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್ (ಸೆಲ್ಫನ್ನು ಇಂಜಿನ್ನಿಗೆ ಜೋಡಿಸುವ ಹಲ್ಲುಚಕ್ರ) ಹಿಡಿಯುತ್ತಿಲ್ಲ, ಅದಕ್ಕೆ ಸೆಲ್ಫ್ ಬಿಚ್ಚಲೇಬೇಕು.

ನಮ್ಮ ಗಾಡಿಯಂತೆ ಊಂ ಊಂ ಅಂತ ನಿಧಾನ ತಿರುಗುವುದು ಎಲ್ಲಕ್ಕಿಂತ ಮೋಸದ ಸದ್ದು. ಎಲ್ಲರೂ ಬ್ಯಾಟರಿ ಅಂದುಕೊಳ್ಳುತ್ತಾರೆ.

ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ. ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಸತ್ತುಹೋದರೆ ಬ್ಯಾಟರಿ ಖಾಲಿ, ಅಥವಾ ಟರ್ಮಿನಲ್ ಸಡಿಲ. ಲೈಟ್ ಸ್ವಲ್ಪವೂ ಕುಗ್ಗದೆ ಉರಿಯುತ್ತಿದ್ದು ಸೆಲ್ಫ್ ಸುಮ್ನೆ ಇದ್ದರೆ ಸೆಲ್ಫ್‌ಗೆ ಕರೆಂಟೇ ಹೋಗುತ್ತಿಲ್ಲ. ನಮ್ಮದರಲ್ಲಿ ಲೈಟ್ ಸ್ವಲ್ಪ ಮಾತ್ರ ಕುಗ್ಗಿತು, ಸೆಲ್ಫ್ ಮಾತ್ರ ನರಳುತ್ತಿತ್ತು. ಅವತ್ತೇ ಇದು ಬ್ಯಾಟರಿಯಲ್ಲ ಅಂತ ಅನ್ನಿಸಬೇಕಿತ್ತು.

ಈಗ ಬ್ಯಾಟರಿ. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಅಳೆಯಬೇಡಿ, ಆಗ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಮೀಟರ್ ಡಿಸಿ 20 ವೋಲ್ಟ್‌ನಲ್ಲಿಟ್ಟು ಬ್ಯಾಟರಿಯ ಎರಡು ಸೀಸದ ಗುಬುಟಿನ ಮೇಲೆ ಹಿಡಿಯಿರಿ. 12.6 ಅಥವಾ ಜಾಸ್ತಿ ಬಂದರೆ ಪೂರ್ತಿ ಚಾರ್ಜ್. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಹೆಚ್ಚುಕಮ್ಮಿ ಅರ್ಧ. 12ರ ಕೆಳಗೆ ಇದ್ದರೆ ಮೊದಲು ಚಾರ್ಜ್‌ಗೆ ಹಾಕಿ, ಆಮೇಲೆ ಮುಂದಿನ ಮಾತು. ಖಾಲಿ ಬ್ಯಾಟರಿ ಇಟ್ಟುಕೊಂಡು ಬೇರೆ ಯಾವ ಪರೀಕ್ಷೆ ಮಾಡಿದರೂ ಲೆಕ್ಕ ತಪ್ಪುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ಪ್ಲೇಟುಗಳು ಮುಳುಗಿವೆಯೇ ನೋಡಿ. ಕಮ್ಮಿಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ಫಿಲ್ಟರ್ ನೀರು ಬೇಡ, ಆಸಿಡ್ ಅಂತೂ ಹಾಕಲೇಬೇಡಿ.

ಆಮೇಲೆ ಸೆಲ್ಫ್ ಹೊಡೆಯುತ್ತಿರುವಾಗ ಅದೇ ಜಾಗದಲ್ಲಿ ಅಳೆಯಬೇಕು. ಇಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಅಳೆಯಲು ಆಗುವುದಿಲ್ಲ, ಹಾಗಾಗಿ ಇಗ್ನಿಷನ್ ಕಾಯಿಲ್‌ನ (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡಿಕೊಡುವ ಸುರುಳಿ) ಪ್ಲಸ್‌ಗೆ ಬರುವ ಸಣ್ಣ ವೈರ್ ಎಳೆದು, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಪಕ್ಕಕ್ಕಿಡಿ. ಈಗ ಎಷ್ಟು ಹೊಡೆದರೂ ಇಂಜಿನ್ ಹತ್ತುವುದಿಲ್ಲ. ಆದರೆ ಒಂದು ಸಲಕ್ಕೆ ಐದಾರು ಸೆಕೆಂಡು ಸಾಕು. 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಪ್ರತಿ ಸಲಕ್ಕೂ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಮೋಟಾರ್ ಕಾಯುತ್ತದೆ. ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದು ಮುದಿಯಾಗಿದೆ, ಆಗ ಹೊಸದು ತರುವುದರಲ್ಲಿ ಅರ್ಥವಿದೆ. (ಸೆಲ್ಫೇ ಜಾಮ್ ಆಗಿದ್ದರೂ ಹೀಗೆ ಬೀಳಬಹುದು, ಅದಕ್ಕೇ ಬೇರೆ ಗಾಡಿಯ ಒಳ್ಳೆಯ ಬ್ಯಾಟರಿ ಇಟ್ಟು ಒಂದು ಸಲ ನೋಡಿ.)

ನಮ್ಮ ಹೊಸ ಬ್ಯಾಟರಿ ಸುಮ್ಮನಿದ್ದಾಗ 12.6, ಸೆಲ್ಫ್ ಹೊಡೆಯುವಾಗ 11.3 ತೋರಿಸಿತು. ಇಂಜಿನ್ ನರಳುತ್ತಿದೆ, ಬ್ಯಾಟರಿ ಮಾತ್ರ ಆರಾಮವಾಗಿ 11.3ರಲ್ಲಿ ನಿಂತಿದೆ! ಅಂದರೆ ಬ್ಯಾಟರಿ ಕೊಡಲು ಸಿದ್ಧವಿದೆ, ತಲುಪುತ್ತಿಲ್ಲ ಅಷ್ಟೆ. ಈ ಸಂಖ್ಯೆ ನೋಡಿದ ಮೇಲೆ ನಾನು ಮುಂದಿನ ಪರೀಕ್ಷೆಗೆ ಹೋದೆ, ದಯವಿಟ್ಟು ನೀವೂ ಇದನ್ನು ಕಲಿತುಕೊಳ್ಳಿ, ಈ ಇಡೀ ಬರಹದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಸೆಲ್ಫ್ ಮೋಟಾರ್ ತಿರುಗುವಾಗ ಸಣ್ಣ ಕಾರಿನಲ್ಲೂ 100 ಆಂಪಿಯರ್ ಆಸುಪಾಸು ಎಳೆಯುತ್ತದೆ. ಇಷ್ಟು ಕರೆಂಟು ಹರಿಯುವ ದಾರಿಯಲ್ಲಿ ಬರೀ 0.02 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. 0.02 ಓಮ್ ಅನ್ನು ನಮ್ಮ ನಿಮ್ಮ ಮಲ್ಟಿಮೀಟರ್ ಓಮ್‌ನಲ್ಲಿಟ್ಟರೆ ಹಿಡಿಯುವುದಿಲ್ಲ, ಮೀಟರಿನ ವೈರಿನ ಅಡ್ಡಿಯೇ ಅದಕ್ಕಿಂತ ಜಾಸ್ತಿ. ಬೀಪ್ ಪರೀಕ್ಷೆಯೂ ಅಷ್ಟೆ, ಕೇಬಲ್ ಒಳಗೆ ಒಂದೇ ಎಳೆ ತಾಮ್ರ ಉಳಿದಿದ್ದರೂ ‘ಬೀಪ್’ ಅನ್ನುತ್ತದೆ. ಟೆಸ್ಟ್ ಲ್ಯಾಂಪ್ ಎಳೆಯುವುದು ಅರ್ಧ ಆಂಪಿಯರ್ ಕೂಡ ಇಲ್ಲ, ಆ ಒಂದು ಎಳೆಯ ಮೇಲೂ ಪೂರ್ತಿ ಬೆಳಗುತ್ತದೆ. ಕರೆಂಟು ಜೋರಾಗಿ ಹರಿಯುತ್ತಿರುವಾಗ ಆ ಕೇಬಲ್ಲಿನ ಈ ತುದಿಯಿಂದ ಆ ತುದಿಗೆ ವೋಲ್ಟ್ ಅಳೆದರೆ ಮಾತ್ರ ಕಳ್ಳ ಸಿಕ್ಕಿಬೀಳುತ್ತಾನೆ.

ಹೀಗೆ ಮಾಡಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿ ಪ್ಲಸ್ ಗುಬುಟಿನ ಮೇಲೆ ಹಿಡಿಯಿರಿ, ಮೇಲಿನ ಕ್ಲ್ಯಾಂಪ್ ಮೇಲೆ ಅಲ್ಲ, ಸೀಸದ ಮೇಲೇ. ಕಪ್ಪು ಕಡ್ಡಿಯನ್ನು ಸೆಲ್ಫ್‌ನಲ್ಲಿ ಆ ದಪ್ಪ ಕೆಂಪು ಕೇಬಲ್ ಬಂದು ಸೇರುವ ಬೋಲ್ಟಿನ ಮೇಲೆ. ಸೆಲ್ಫ್ ಎಲ್ಲಿದೆ ಗೊತ್ತಾಗದಿದ್ದರೆ ಬ್ಯಾಟರಿಯಿಂದ ಆ ಕೇಬಲ್ ಹಿಡಿದುಕೊಂಡೇ ಹೋಗಿ, ಸಿಗುತ್ತದೆ. ಈಗ ಸೆಲ್ಫ್ ಹೊಡೆಸಿ. 0.5 ವೋಲ್ಟ್ ಒಳಗಿದ್ದರೆ ಪ್ಲಸ್ ದಾರಿ ಚೆನ್ನಾಗಿದೆ. ಆಮೇಲೆ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಗುಬುಟಿಗೆ, ಕೆಂಪು ಕಡ್ಡಿ ಸೆಲ್ಫ್‌ನ ಮೈಗೆ ಅಥವಾ ಇಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ. ಮತ್ತೆ ಹೊಡೆಸಿ. ಇಲ್ಲಿ 0.2, ಬಹಳ ಆದರೆ 0.3. ಅದಕ್ಕಿಂತ ಜಾಸ್ತಿ ಬಂದರೆ ಅರ್ಥ್ ಕೆಟ್ಟಿದೆ.

ಅಪ್ಪಯ್ಯ ಒಳಗೆ ಕೂತಿದ್ದರು. ‘ಈಗ ಹೊಡೀರಿ ಅಪ್ಪಯ್ಯ’ ಅಂದೆ. ಪ್ಲಸ್ ಕಡೆ 0.3 ಬಂತು. ಮೈನಸ್ ಕಡೆ ಹಿಡಿದು ಇನ್ನೊಂದು ಸಲ ಹೊಡೆಸಿದರೆ ಮೀಟರ್ 1.8 ತೋರಿಸಿತು. ನನ್ನ ಕೈ ಅಲ್ಲಾಡಿರಬೇಕು ಅಂತ ಮತ್ತೆ ನೋಡಿದೆ, ಮತ್ತೆ 1.8. ಅಷ್ಟರಲ್ಲಿ ಒಳಗಿನಿಂದ ಅಪ್ಪಯ್ಯ, ‘ಇಲ್ ಬಾರೋ, ಈ ಚೋಕ್ ಯಾಕೆ ಬಿಸಿಯಾಗ್ತಾ ಇದೆ?’ ಅಂದರು. ಹೋಗಿ ಮುಟ್ಟಿದೆ. ಚೋಕ್ ಗುಂಡಿಯ (ತಣ್ಣಗಿನ ಇಂಜಿನ್ ಹತ್ತಿಸುವಾಗ ಎಳೆಯುವ ಗುಂಡಿ) ಹಿಂದಿನ ಕೇಬಲ್ ನಿಜಕ್ಕೂ ಬೆಚ್ಚಗಾಗಿತ್ತು, ಪ್ಲಾಸ್ಟಿಕ್ ಕಾದ ವಾಸನೆ ಸಣ್ಣಗೆ ಬರುತ್ತಿತ್ತು.

ಇದಕ್ಕೆ ಕಾರಣ ಇದೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಬಾಡಿಗೆ ನೇರವಾಗಿ ತಗುಲುವುದಿಲ್ಲ. ಇಂಜಿನ್‌ನಿಂದ ಬ್ಯಾಟರಿ ಮೈನಸ್‌ಗೆ ಕರೆಂಟು ವಾಪಸು ಹೋಗುವ ದಾರಿ ಆ ಅರ್ಥ್ ಕೇಬಲ್ ಮಾತ್ರ. ಅದು ಕೆಟ್ಟರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಇಂಜಿನ್‌ಗೂ ಬಾಡಿಗೂ ಮಧ್ಯೆ ಇರುವ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಮೂಲಕ ಬಾಡಿಗೆ ಇಳಿದು ಅಲ್ಲಿಂದ ಹೋಗುತ್ತದೆ. ತೆಳ್ಳಗಿನ ಉಕ್ಕಿನ ತಂತಿ ಅಷ್ಟು ಕರೆಂಟು ತಡೆಯದು. ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಕೇಬಲ್ ಹಿಡಿದುಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಈ ಕೇಬಲ್‌ಗಳಲ್ಲಿ ಯಾವುದಾದರೂ ಬೆಚ್ಚಗಾದರೆ ಬೇರೆ ಏನೂ ಯೋಚಿಸದೆ ಅರ್ಥ್ ನೋಡಿ. ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ ಪದೇ ಪದೇ ಹೋಗುತ್ತಿದ್ದರೂ ಅಷ್ಟೆ.

ಖಾತ್ರಿ ಮಾಡಿಕೊಳ್ಳಲು ಜಂಪರ್ ಕೇಬಲ್ ಸಾಕು. ಕಪ್ಪು ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಗಟ್ಟಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ನಾನು ಹಾಗೆ ಕಚ್ಚಿಸಿ ಕಾಯಿಲ್ ವೈರ್ ಮತ್ತೆ ಹಾಕಿ ಹೊಡೆಸಿದೆ. ಅರ್ಧ ಸೆಕೆಂಡಿನಲ್ಲಿ ಇಂಜಿನ್ ಹತ್ತಿಕೊಂಡಿತು. ಅಪ್ಪಯ್ಯನ ಮುಖ ನೋಡಬೇಕಿತ್ತು.

ಆ ಅರ್ಥ್ ಕೇಬಲ್ ಬಿಚ್ಚಿ ನೋಡಿದಾಗ ಹೊರಗಿನ ಕಪ್ಪು ರಬ್ಬರ್ ಚೆನ್ನಾಗಿಯೇ ಇತ್ತು. ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಹತ್ತಿರ ಚಾಕುವಿನಿಂದ ಎರಡು ಇಂಚು ಸೀಳಿದೆ. ಒಳಗೆ ತಾಮ್ರ ಇರಲಿಲ್ಲ, ಹಸಿರು ಪುಡಿ ಇತ್ತು, ಕೈಯಲ್ಲಿ ಉಜ್ಜಿದರೆ ಉದುರುತ್ತಿತ್ತು. ಹತ್ತಾರು ಎಳೆ ಮಾತ್ರ ಮಿನುಗುತ್ತಿದ್ದವು. ಬ್ಯಾಟರಿ ಬದಲಿಸುವಾಗ ಆ ಕೇಬಲ್ ಅತ್ತಿತ್ತ ಅಲ್ಲಾಡಿ ಎರಡು ದಿನ ಸರಿಯಾಗಿ ತಗುಲಿಕೊಂಡಿತ್ತು ಅನ್ನಿಸುತ್ತದೆ, ಅದಕ್ಕೇ ಬ್ಯಾಟರಿಯಿಂದಲೇ ಸರಿಹೋಯಿತು ಅಂದುಕೊಂಡೆವು. ಹೊಸ ಕೇಬಲ್ ಕೊಳ್ಳುವಾಗ ದಪ್ಪ ನೋಡಿ, ಮೊದಲು ಇದ್ದದ್ದಕ್ಕಿಂತ ತೆಳ್ಳಗಿನದ್ದು ಬೇಡ. ಲಗ್ ಒತ್ತಿ ಕೂರಿಸಿದ್ದಿರಲಿ, ಸುಮ್ನೆ ವೈರ್ ಸುತ್ತಿ ನಟ್ಟಿನಡಿ ಹಾಕಿದ್ದಲ್ಲ. ಹಾಕುವ ಜಾಗದಲ್ಲಿ ತುಕ್ಕು, ಬಣ್ಣ, ಗ್ರೀಸ್ ಎಲ್ಲ ಎಮ್ರಿ ಪೇಪರ್‌ನಿಂದ ತಿಕ್ಕಿ ಲೋಹ ಬೆಳ್ಳಗೆ ಕಾಣಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಬ್ಯಾಟರಿಯಿಂದ ಬಾಡಿಗೆ ಹೋಗುವ ಸಣ್ಣ ಅರ್ಥ್ ವೈರನ್ನೂ ಜೊತೆಗೇ ಬಿಚ್ಚಿ ತಿಕ್ಕಿ. ಹೊಸ ಕೇಬಲ್ ಹಾಕಿದ ಮೇಲೆ ನಮ್ಮ ಮೀಟರ್ ಮೈನಸ್ ಕಡೆ 0.1 ತೋರಿಸಿತು.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂವು ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಬ್ರಷ್‌ನಿಂದ ತೊಳೆಯಿರಿ. ಮುಚ್ಚಳಗಳು ಭದ್ರವಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಕ್ಲ್ಯಾಂಪ್ ಕೈಯಲ್ಲಿ ತಿರುಚಿದರೆ ಅಲ್ಲಾಡಬಾರದು.

ಎರಡೂ ಕಡೆ ಅಳತೆ ಸರಿಯಿದ್ದು, ಸೆಲ್ಫ್‌ಗೆ 10 ವೋಲ್ಟ್ ಮೇಲೆ ತಲುಪುತ್ತಿದ್ದರೂ ಮೋಟಾರ್ ತಿರುಗದಿದ್ದರೆ ಆಗ ತಪ್ಪು ಸೆಲ್ಫ್‌ದೇ. ಒಬ್ಬರು ಕೀ ಹಿಡಿದಿರುವಾಗ ಸೆಲ್ಫ್ ಮೈಗೆ ಮರದ ತುಂಡಿನಿಂದ ಮೆಲ್ಲಗೆ ನಾಲ್ಕು ಸಲ ಬಡಿಯಿರಿ. ಬಡಿದಾಗ ತಿರುಗಿದರೆ ಕಾರ್ಬನ್ ಸವೆದು ಸಿಕ್ಕಿಕೊಂಡಿದೆ. ಇದರಿಂದ ಅವತ್ತು ಮನೆ ಸೇರಬಹುದು, ರಿಪೇರಿ ಆಯಿತು ಅಂದುಕೊಳ್ಳಬೇಡಿ. ಕಾರ್ಬನ್ ಸೆಟ್, ಬುಷ್ ಬದಲಿಸಿ ಕೊಡುವ ಆಟೋ ಎಲೆಕ್ಟ್ರಿಷಿಯನ್ ಎಲ್ಲ ಊರಲ್ಲೂ ಇದ್ದಾರೆ, ಇಡೀ ಸೆಲ್ಫ್ ಹೊಸದು ಬೇಕಾಗುವುದು ಅಪರೂಪ.

ಸದ್ದೇ ಬಾರದ ಗಾಡಿಗೆ ಕೀ ಸ್ವಿಚ್ ನೋಡಬೇಕು ಅಂದೆನಲ್ಲ. ಸೊಲೆನಾಯ್ಡ್‌ಗೆ ದಪ್ಪ ಕೇಬಲ್ ಬಿಟ್ಟು ಒಂದು ಸಣ್ಣ ವೈರ್ ಬರುತ್ತದೆ. ಕೀ ತಿರುಗಿಸಿದಾಗ ಮಾತ್ರ ಅದರಲ್ಲಿ ವೋಲ್ಟೇಜ್ ಬರಬೇಕು. ಅಲ್ಲಿ ಏನೂ ಬಾರದಿದ್ದರೆ, ಅಥವಾ 7-8 ವೋಲ್ಟ್ ಮಾತ್ರ ಬಂದರೆ, ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಮಧ್ಯದ ಸಾಕೆಟ್ ತುಕ್ಕು ಹಿಡಿದಿದೆ. ಮಲೆನಾಡಿನಲ್ಲಾದರೆ ಇಲಿ ವೈರ್ ಕಡಿದಿದೆಯೇ ಅಂತಲೂ ನೋಡಿ, ಬೆಚ್ಚಗಿನ ಇಂಜಿನ್ ಮೇಲೆ ರಾತ್ರಿ ಮಲಗುವುದು ಅವುಗಳಿಗೆ ಇಷ್ಟ. ಅನೇಕ ಹಳೇ ಗಾಡಿಗಳಲ್ಲಿ ಸೊಲೆನಾಯ್ಡ್ ಎಳೆಯುವ ಅಷ್ಟೂ ಕರೆಂಟು ಕೀ ಸ್ವಿಚ್ ಮೂಲಕವೇ ಹೋಗುತ್ತದೆ, ಅದಕ್ಕೇ ಸ್ವಿಚ್ ಬೇಗ ಸವೆಯುವುದು. 12 ವೋಲ್ಟ್ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಸ್ವಿಚ್) ಒಂದನ್ನು ಹಾಕಿದರೆ ಈ ತೊಂದರೆ ಹೋಗುತ್ತದೆ. ಕೀಯಿಂದ ಬರುವ ವೈರ್ ರಿಲೇಯ ಪಿನ್ ನಂಬರ್ 86ಕ್ಕೆ, 85 ಬಾಡಿ ಅರ್ಥ್‌ಗೆ, ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾಕಿದ ವೈರ್ 30ಕ್ಕೆ, 87ರಿಂದ ಸೊಲೆನಾಯ್ಡ್‌ಗೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಹೊಡೆಯುವುದನ್ನು ನೀವು ನೋಡಿರಬಹುದು. ಗೇರ್‌ನಲ್ಲಿದ್ದರೆ ಗಾಡಿ ಮುಂದೆ ಹಾರುತ್ತದೆ, ಮುಂದೆ ನಿಂತವರು ನೀವೇ ಆಗಿರುತ್ತೀರಿ. ಅದು ಬೇಡ.

ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ ಅಂದರೆ ಕಥೆ ಬೇರೆ. ಒಂದು ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಸ್ಪಾರ್ಕ್ ಇಲ್ಲದಿರಬಹುದು. ಒಣಗಿದ್ದರೆ ಪೆಟ್ರೋಲ್ ಕಡೆ ನೋಡಿ. ಸ್ಪಾರ್ಕ್ ನೋಡಲು ಪ್ಲಗ್ಗನ್ನು ಅದರ ವೈರ್‌ಗೆ ಸಿಕ್ಕಿಸಿ ಇಂಜಿನ್ ಲೋಹಕ್ಕೆ ತಾಗಿಸಿಟ್ಟು, ಪ್ಲಗ್ ತೆಗೆದ ತೂತಿನಿಂದ ದೂರ, ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ, ಇಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ನೀಲಿ ಕಿಡಿ ಬರಬೇಕು. ಮಳೆಗಾಲದಲ್ಲಿ ಬಾರದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ಕರೆಂಟು ಹಂಚುವ ಭಾಗ) ಮುಚ್ಚಳ ತೆಗೆಯಿರಿ. ಒಳಗೆ ಬೆವರಿದಂತೆ ನೀರಿದ್ದರೆ ಒಣಬಟ್ಟೆಯಿಂದ ಒರೆಸಿ ಸಾಕು. ಪೆನ್ಸಿಲ್ಲಿನಲ್ಲಿ ಗೀಚಿದಂತೆ ತೆಳ್ಳಗಿನ ಕಪ್ಪು ಗೆರೆ ಕಂಡರೆ ಮುಚ್ಚಳ ಬಿರುಕು ಬಿಟ್ಟು ಕಿಡಿ ಆ ದಾರಿಯಲ್ಲಿ ಸೋರುತ್ತಿದೆ, ಹೊಸದು ಹಾಕಬೇಕು. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲ್‌ನ ಕರೆಂಟು ಕಡಿದು ಕೂಡಿಸುವ ಸ್ವಿಚ್) ಇರುವ ಗಾಡಿಯಾದರೆ ಅದರ ಮುಖ ಸುಟ್ಟು ಗುಂಡಿ ಬಿದ್ದಿದೆಯೇ ನೋಡಿ. ಪ್ಲಗ್ ವೈರ್‌ಗಳನ್ನು ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ, ಅದಲುಬದಲಾದರೆ ಮತ್ತೊಂದು ತಲೆನೋವು. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಿಗೆ ಈ ಸ್ಪಾರ್ಕ್ ಭಾಗ ಹೊಂದುವುದಿಲ್ಲ, ಮೇಲಿನ ಬ್ಯಾಟರಿ, ಅರ್ಥ್, ಸೆಲ್ಫ್ ಪರೀಕ್ಷೆ ಎಲ್ಲದಕ್ಕೂ ಒಂದೇ.

ಗಾಡಿ ಹತ್ತಿದ ಮೇಲೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ನೋಡಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು, ಹೆಡ್‌ಲೈಟ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೂ ಅಷ್ಟೇ ನಿಲ್ಲಬೇಕು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ‘ಡೈನಮೋ ಸರಿಯಿದೆ ನೋಡಿ’ ಅನ್ನುವ ಅಭ್ಯಾಸ ಕೆಲವರಲ್ಲಿದೆ. ಯಾರಿಗೂ ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಡೈನಮೋ ಒಳಗಿನ ಡಯೋಡ್ ಸುಡಬಹುದು.

ಎಲ್ಲ ಸರಿಯಿದ್ದೂ ಎರಡು ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿ ಮೈನಸ್ ಬಿಚ್ಚಿ, ಗುಬುಟಿಗೂ ಕೇಬಲ್ಲಿಗೂ ಮಧ್ಯೆ ಮೀಟರ್ ಇಡಿ. ಕೀ ತೆಗೆದಿರಲಿ, ಬಾಗಿಲು ಮುಚ್ಚಿರಲಿ, ಈ ಹೊತ್ತಿನಲ್ಲಿ ಸೆಲ್ಫ್ ಹೊಡೆಯಲೇಬೇಡಿ. 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ತೋರಿಸಿದರೆ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನಕ್ಕೆ ಬರಿದು. ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ, ಯಾವುದು ಕಿತ್ತಾಗ ಸಂಖ್ಯೆ ಇಳಿಯುತ್ತದೋ ಆ ಲೈನಿನಲ್ಲಿ ಹುಡುಕಿ. ಹೊರಗಡೆ ಹಾಕಿಸಿದ ಸ್ಟೀರಿಯೋ, ಡಿಕ್ಕಿ ಲೈಟು, ಇವೆರಡನ್ನು ಮೊದಲು ನೋಡಿ.

ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದು ಗಾಡಿಯಲ್ಲೇ ಇಡಿ. ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕಾಗಿ ಬಂದರೂ ‘ಸೆಲ್ಫ್ ಎತ್ತಲ್ಲ’ ಅನ್ನುವ ಬದಲು ‘ಅರ್ಥ್ ಕಡೆ 0.1, ಪ್ಲಸ್ ಕಡೆ 0.3, ಸೆಲ್ಫ್‌ಗೆ 10.4 ಬರ್ತಿದೆ, ಆದ್ರೂ ತಿರುಗ್ತಿಲ್ಲ’ ಅನ್ನಿ. ಅವರು ನೇರ ಸೆಲ್ಫ್ ಬಿಚ್ಚುತ್ತಾರೆ. ನಮ್ಮ ಚೀಟಿ ಆರ್‌ಸಿ ಪುಸ್ತಕದ ಜೊತೆ ಇದೆ, ಈ ಮೇ ತಿಂಗಳಲ್ಲಿ ಮಳೆ ಶುರುವಾಗುವ ಮೊದಲು ಅಪ್ಪಯ್ಯನೇ ನೆನಪು ಮಾಡಿ ಇನ್ನೊಂದು ಸಲ ಅಳೆಸಿದರು. ಅರ್ಥ್ ಕಡೆ ಇನ್ನೂ 0.1ರಲ್ಲೇ ಇದೆ.